ಖಣಕ್ಕೆ ಸೆರಗೆಲ್ಲಿಂದ?

ಕೇಳುಗರಿಗೆ ನಮಸ್ಕಾರ.

ಗುಳೇದಗುಡ್ಡದ ಬಟ್ಟೆ ಅಂಗಡಿಯೊಂದಕ್ಕೆ ಬಿಲ್ ಮಾಡುವ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಮೊದಲ ದಿನವೇ ಗಲ್ಲಾದ ಮೇಲೆ ಕೂತ ಕಾಕಾ ಕೂಗಿದರು: "ತಮ್ಮಾ, ಕುಬಸದ ಖಣದ ಬಿಲ್ ಹೊಡದ್ರ ಇದು ಸೆರಗಿನ ಬಣ್ಣ ಕೇಳಾಕತ್ತೈತಲ್ಲೋ! ಖಣಕ್ಕ ಸೆರಗ ಎಲ್ಲಿಂದ ತರ್ಲಿ?"

ತಪ್ಪು ನನ್ನದೇ. ಸೀರೆಗೆಂದು ಬರೆದ ಬೆಲೆ, ರಿಯಾಯಿತಿಯ ಲೆಕ್ಕ ಖಣಕ್ಕೂ ಬೇಕಿತ್ತು. ಎರಡು ಸಲ ಬರೆಯುವ ಬೇಸರಕ್ಕೆ ಖಣವನ್ನು ಸೀರೆಯ ಮಗಳು ಮಾಡಿಬಿಟ್ಟೆ. ಇದಕ್ಕೆ ಇನ್‌ಹೆರಿಟೆನ್ಸ್ ಅಂತಾರೆ. ನಮ್ಮ ಕಡೆ ಹೊಲಕ್ಕೆ ವಾರಸಾ ಹಚ್ಚುತ್ತಾರಲ್ಲ, ಹಾಗೆ. ಲೆಕ್ಕದ ಬೆನ್ನಿಗೇ ಸೆರಗೂ ಬಂತು. ಅಪ್ಪನ ಹೊಲ ಬೇಕು, ಸಾಲ ಬೇಡ ಅಂದರೆ ನಡೆದೀತೆ?

ನಾರ್ವೆಯ ಕಂಪ್ಯೂಟರ್ ವಿಜ್ಞಾನಿಗಳಾದ ಓಲೆ-ಯೋಹಾನ್ ಡಾಲ್, ಕ್ರಿಸ್ಟನ್ ನೈಗಾರ್ಡ್ 1967ರ ಸಿಮ್ಯುಲಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಈ ವಾರಸಾ ತಂದಿದ್ದರು. ಅದರ ಕರಾರನ್ನು 1987ರಲ್ಲಿ ಬಿಡಿಸಿ ಹೇಳಿದವರು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್: ತಾಯಿ ಕೂತ ಜಾಗದಲ್ಲಿ ಮಗಳನ್ನು ಕೂರಿಸಿದರೂ ಪ್ರೋಗ್ರಾಮು ಮುಗ್ಗರಿಸಬಾರದು. ನನ್ನ ಖಣ ಅಲ್ಲೇ ಮುಗ್ಗರಿಸಿತ್ತು.

ಸೀರೆ, ಖಣ ಎರಡರ ಮೇಲೂ 'ಬಟ್ಟೆ' ಎಂಬ ಕ್ಲಾಸ್, ಅಂದರೆ ಪ್ರೋಗ್ರಾಮಿನಲ್ಲಿ ಒಂದು ಬಗೆಯ ವಸ್ತುವಿನ ಅಚ್ಚು, ಇಟ್ಟೆ. ಲೆಕ್ಕವೆಲ್ಲ ಅಲ್ಲಿಗೆ ಹೋಯಿತು. ಆದರೆ "ಬರೀ ಬಟ್ಟೆ ಕೊಡ್ರಿ" ಅಂದರೆ ಕಾಕಾ ಏನು ಕೊಟ್ಟಾರು? ಹೀಗೆ ಲೆಕ್ಕಕ್ಕುಂಟು, ಕೈಗೆ ಸಿಗದು ಅನ್ನುವಂಥದ್ದೇ ಅಬ್‌ಸ್ಟ್ರಾಕ್ಟ್ ಕ್ಲಾಸ್. ಪ್ರೋಗ್ರಾಮಿನ ರಚನೆ ತೋರಿಸುವ ಯುಎಂಎಲ್ ನಕ್ಷೆಯಲ್ಲಿ ಅದರ ಹೆಸರನ್ನು ಓರೆ ಅಕ್ಷರದಲ್ಲಿ ಬರೆದು, ಮಕ್ಕಳಿಂದ ಅದರತ್ತ ಟೊಳ್ಳು ತ್ರಿಕೋನದ ಬಾಣ ಎಳೆಯುತ್ತಾರೆ.

ಇನ್ನು ಸೆರಗು. ಅದು ಒಂದು ಬಗೆಯ ಸೀರೆಯಲ್ಲ, ಸೀರೆಯ ಭಾಗ. ಈ ವಿಷಯದಲ್ಲಿ ಇಳಕಲ್ಲಿನ ನೇಕಾರರು ನನಗಿಂತ ಎಷ್ಟೋ ಮುಂದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಿರಬಹುದು, ಒಂದರ ಗುಣ ಇನ್ನೊಂದಕ್ಕೆ ಇಳಿಯಬೇಕಿಲ್ಲ. ಹೀಗೆ ಭಾಗವಾಗಿ ಜೋಡಿಸುವುದಕ್ಕೆ ಪ್ರೋಗ್ರಾಮಿಂಗ್ ಪುಸ್ತಕದಲ್ಲಿ ಕಾಂಪೊಸಿಷನ್ ಅಂತಾರೆ. ನನಗೆ ಕೊಂಡಿ ಅನ್ನುವುದೇ ಹಿಡಿಸಿದೆ.

ಮೊನ್ನೆ ಮತ್ತೆ ಕಾಕಾನ ಫೋನು. "ತಮ್ಮಾ, ಖಣದ ಸೀರಿ ಬಂದಾವು. ಈಗೇನ್ ಮಾಡ್ತಿ?" ಎದೆ ಧಸಕ್ಕೆಂದಿತು. ರಾತ್ರಿ ಕೂತು ನೋಡಿದರೆ ಅಷ್ಟೇನೂ ತೊಡಕಿಲ್ಲ. ಸೆರಗುಂಟು, ಉಡುತ್ತಾರೆ, ಅಂದಮೇಲೆ ಅದು ಸೀರೆಯೇ. ಖಣ ಅನ್ನುವುದು ಅಲ್ಲಿ ನೇಯ್ಗೆಯ ಬಗೆ. ತ್ರಿಕೋನ ಸೀರೆಯತ್ತ, ಕೊಂಡಿ ನೇಯ್ಗೆಗೆ.

ಮರುದಿನ ಬಿಲ್ ಹೊಡೆದಾಗ ಅದು ಸೆರಗಿನ ಬಣ್ಣ ಕೇಳಿತು. ಕಾಕಾ ಬೈಯಲಿಲ್ಲ, ಕೆಂಪು ಅಂತ ಒತ್ತಿದರು.