ಮಾತ್ಸುಯೆಯ ಇಂಗ್ಲಿಷ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ತೆರೆಯ ಮೇಲೆ ನೀವು ಈಗ ನೋಡುತ್ತಿರುವ ಬೀದಿಯ ಹೆಸರು ಶಿಯೋಮಿ ನಾವಾತೆ. ಒಂದು ಮಗ್ಗುಲಿಗೆ ಜಪಾನಿನ ಮಾತ್ಸುಯೆ ಊರಿನ ಕೋಟೆಯ ಕಂದಕ, ಅದರ ದಡದಲ್ಲಿ ಬಾಗಿ ನಿಂತ ಪೈನ್ ಮರಗಳು; ಇನ್ನೊಂದು ಮಗ್ಗುಲಿಗೆ ಹಿಂದೆ ಸಮುರಾಯ್ ಮನೆತನಗಳು ವಾಸಿಸುತ್ತಿದ್ದ ತಗ್ಗು ಮಾಡಿನ ಮನೆಗಳು. ಕೋಟೆ 1611ರದು. ಅದನ್ನು ನೋಡಲು ಬಂದವರೆಲ್ಲ ತಪ್ಪದೆ ಈ ಸಾಲಿನ ಒಂದು ಮನೆಗೂ ಬರುತ್ತಾರೆ. 1891ರಲ್ಲಿ ಅಲ್ಲಿ ಬಾಡಿಗೆಗಿದ್ದವರು ಊರಿನ ಮಧ್ಯಮ ಶಾಲೆಯ ಇಂಗ್ಲಿಷ್ ಮೇಷ್ಟ್ರು ಲಾಫ್ಕಾಡಿಯೊ ಹರ್ನ್. ಅವರ ಪತ್ನಿ ಸೆತ್ಸು ಅವರ ಬದುಕನ್ನು ಆಧರಿಸಿದ ಧಾರಾವಾಹಿಯನ್ನು 2025ರಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ ಬೆಳಗಿನ ಹೊತ್ತು ಪ್ರಸಾರ ಮಾಡಲು ಆರಂಭಿಸಿದ ಮೇಲೆ ಇಲ್ಲಿನ ಜನಸಂದಣಿ ಇನ್ನಷ್ಟು ಹೆಚ್ಚಿದೆ.

ನಾನೂ ಇದೇ ಶಿಮಾನೆ ಪ್ರಾಂತ್ಯದ ಶಾಲೆಯೊಂದರಲ್ಲಿ ಇಂಗ್ಲಿಷ್ ಹೇಳಿಕೊಡುವ ಕೆಲಸದಲ್ಲಿರುವುದರಿಂದ, ಹರ್ನ್ ಅವರ ಬಗ್ಗೆ ಪ್ರವಾಸಿಗಳಿಗೆ ಇರುವುದಕ್ಕಿಂತ ಬೇರೆ ಬಗೆಯ ಕುತೂಹಲ ನನಗಿದೆ. ಜಪಾನನ್ನು ಮೆಚ್ಚಿದ ವಿದೇಶಿಯರ ಪಟ್ಟಿಯಲ್ಲಿ ಅವರ ಹೆಸರು ಸದಾ ಮುಂದೆ ಇರುತ್ತದೆ. ಆದರೆ ಆ ಮೆಚ್ಚುಗೆಗೆ ಅನ್ನ ಹಾಕಿದ್ದು ಮೇಷ್ಟ್ರ ಕೆಲಸ ಎಂಬುದನ್ನು ಹೇಳುವವರು ಕಡಿಮೆ.

ಅವರ ಪೂರ್ವವೃತ್ತಾಂತವನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1850ರಲ್ಲಿ ಗ್ರೀಸಿನ ಲೆಫ್ಕಾದಾ ದ್ವೀಪದಲ್ಲಿ ಹುಟ್ಟಿದರು. ತಂದೆ ಐರಿಷ್, ತಾಯಿ ಗ್ರೀಕ್. ಬೆಳೆದದ್ದು ಡಬ್ಲಿನ್‌ನಲ್ಲಿ. ಹದಿಹರೆಯದಲ್ಲೇ ಎಡಗಣ್ಣು ಹೋಯಿತು. ಅಮೆರಿಕದ ಸಿನ್ಸಿನಾಟಿ, ನ್ಯೂ ಆರ್ಲಿಯನ್ಸ್ ನಗರಗಳಲ್ಲಿ ಪತ್ರಕರ್ತರಾಗಿ ದುಡಿದು, 1890ರ ಏಪ್ರಿಲ್‌ನಲ್ಲಿ ಅಮೆರಿಕದ ಪ್ರಕಾಶನ ಸಂಸ್ಥೆಯೊಂದಕ್ಕೆ ಬರೆಯುವ ಕರಾರಿನ ಮೇಲೆ ಯೊಕೊಹಾಮಾದಲ್ಲಿ ಹಡಗಿನಿಂದಿಳಿದರು. ಬಂದ ಸ್ವಲ್ಪ ದಿನಕ್ಕೇ ಆ ಸಂಸ್ಥೆಯೊಂದಿಗೆ ಜಗಳವಾಗಿ ಕರಾರು ಮುರಿದು, ಹೊಟ್ಟೆಪಾಡಿಗೆ ಬೇರೆ ದಾರಿ ಹುಡುಕಬೇಕಾಯಿತು. ಜಪಾನಿ ಭಾಷೆಯ ವಿದ್ವಾಂಸ ಬೇಸಿಲ್ ಹಾಲ್ ಚೇಂಬರ್ಲೇನ್ ಅವರ ನೆರವಿನಿಂದ ದೂರದ ಮಾತ್ಸುಯೆಯಲ್ಲಿ ತಿಂಗಳಿಗೆ 100 ಯೆನ್ ಸಂಬಳದ ಮೇಷ್ಟ್ರ ಕೆಲಸ ಸಿಕ್ಕಿತು. ಆ ಕಾಲಕ್ಕೆ ಅದು ಭಾರಿ ಸಂಬಳ.

ಅಷ್ಟು ದುಡ್ಡು ಕೊಟ್ಟು ವಿದೇಶಿಯರನ್ನು ಕರೆಸಿಕೊಳ್ಳುತ್ತಿದ್ದುದಕ್ಕೆ ಕಾರಣವಿತ್ತು. ಆಗ ದೇಶವನ್ನು ಆಧುನಿಕಗೊಳಿಸಲು ಹೊರಟಿದ್ದ, ಮೇಜಿ ಚಕ್ರವರ್ತಿಯ ಕಾಲದ ಸರ್ಕಾರಕ್ಕೆ ರೈಲು, ಕಾನೂನು, ವೈದ್ಯಕೀಯ, ಭಾಷೆ ಎಲ್ಲವನ್ನೂ ಬೇಗ ಕಲಿತುಕೊಂಡು ಪಶ್ಚಿಮದ ದೇಶಗಳಿಗೆ ಸರಿಸಮನಾಗಿ ನಿಲ್ಲಬೇಕಿತ್ತು. ಅಂದರೆ ಹರ್ನ್ ಅವರನ್ನು ನೇಮಿಸಿಕೊಂಡದ್ದು ಹಳೆಯ ಜಪಾನನ್ನು ಬದಲಿಸುವ ಕೆಲಸದಲ್ಲಿ ಒಂದು ಕೈ ಜೋಡಿಸಲಿ ಎಂದು. ಅವರು ಮನಸೋತದ್ದು ಮಾತ್ರ ಆ ಹಳೆಯ ಜಪಾನಿಗೇ. ಬೆಳಿಗ್ಗೆ ತರಗತಿಯಲ್ಲಿ ಇಂಗ್ಲಿಷ್ ಕಲಿಸಿ, ಸಂಜೆ ಮನೆಗೆ ಬಂದು ಕಿಮೊನೊ ತೊಟ್ಟು, ಊರಿನ ದೇವಸ್ಥಾನಗಳ ನಡಾವಳಿ, ಹಬ್ಬ, ದೆವ್ವದ ಕಥೆಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರು. ತಾನು ಕಲಿಸುತ್ತಿರುವ ಪಾಠವೇ ತಾನು ಪ್ರೀತಿಸುವ ಲೋಕವನ್ನು ಕರಗಿಸುತ್ತಿದೆ ಎಂಬ ಇಕ್ಕಟ್ಟಿನಲ್ಲಿ ಕೂತು ಬರೆದದ್ದರಿಂದಲೇ ಅವರ ಬರವಣಿಗೆಗೆ ಬರಿಯ ಪ್ರವಾಸಕಥನದಲ್ಲಿ ಸಿಗದ ತೂಕ ಬಂದಿದೆ ಎಂದು ನನಗನ್ನಿಸುತ್ತದೆ.

ಈಗ ಒಳಗೆ ಬಂದಿದ್ದೇವೆ. ಚಾಪೆ ಹಾಸಿದ ಈ ಕೋಣೆಯಲ್ಲಿ ಕೂತರೆ ಮೂರು ದಿಕ್ಕಿಗೂ ತೋಟ ಕಾಣುತ್ತದೆ. ದೊಡ್ಡ ತೋಟವೇನಲ್ಲ, ಕಲ್ಲು, ಗಿಡ, ಒಂದು ಪುಟ್ಟ ಕೊಳ. ಕೊಳದ ಕಪ್ಪೆಗಳನ್ನು ಹಿಡಿಯಲು ಬರುತ್ತಿದ್ದ ಹಾವಿಗೆ, ಕಪ್ಪೆಗಳನ್ನು ಬಿಟ್ಟುಬಿಡಲಿ ಎಂದು ಹರ್ನ್ ತಮ್ಮ ತಟ್ಟೆಯ ಊಟದಲ್ಲೇ ಒಂದಿಷ್ಟು ಕೊಡುತ್ತಿದ್ದರೆಂದು ಸೆತ್ಸು ಮುಂದೆ ನೆನೆದಿದ್ದಾರೆ. ಅಲ್ಲಿ ಕಾಣುವ ಮೇಜನ್ನು ಗಮನಿಸಿ. ಮಾಮೂಲು ಮೇಜಿಗಿಂತ ಎಷ್ಟು ಎತ್ತರವಿದೆ ನೋಡಿ. ಉಳಿದಿದ್ದ ಒಂದು ಕಣ್ಣಿನ ದೃಷ್ಟಿಯೂ ತೀರ ಮಂದವಾಗಿದ್ದರಿಂದ ಹಾಳೆ ಮುಖದ ಹತ್ತಿರಕ್ಕೆ ಬರುವಂತೆ ಅದನ್ನು ಹಾಗೆ ಮಾಡಿಸಲಾಗಿತ್ತು. ಮಕ್ಕಳ ಪ್ರಬಂಧಗಳನ್ನು ತಿದ್ದುವಾಗಲೂ ಅವರು ಹೀಗೆಯೇ ಹಾಳೆಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದಿರಬೇಕು.

ಆ ಪ್ರಬಂಧಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಹರ್ನ್ ತಮ್ಮ ವಿದ್ಯಾರ್ಥಿಗಳಿಗೆ ಇಂಗ್ಲೆಂಡಿನ ವಿಷಯಗಳನ್ನು ಕೊಡದೆ, ಅವರ ನಾಡಿನ ಹೂವು, ನಂಬಿಕೆ, ಕಥೆಗಳ ಬಗ್ಗೆಯೇ ಇಂಗ್ಲಿಷಿನಲ್ಲಿ ಬರೆಯಲು ಹೇಳುತ್ತಿದ್ದರು. ಹುಡುಗರು ಬರೆದುಕೊಟ್ಟದ್ದರಲ್ಲಿ ಕೆಲವನ್ನು, 1894ರಲ್ಲಿ ಹೊರಬಂದ ಜಪಾನಿನ ಕುರಿತ ತಮ್ಮ ಮೊದಲ ಪುಸ್ತಕದಲ್ಲಿ ಸೇರಿಸಿದರು. ಶಾಲೆಯ ಹಿರಿಯ ಶಿಕ್ಷಕ ನಿಶಿದಾ ಸೆಂತಾರೊ ಜಪಾನಿ ಬಾರದ ಈ ಹೊಸಬರಿಗೆ ಬೆನ್ನೆಲುಬಾಗಿ ನಿಂತರು. ವಿದ್ಯಾರ್ಥಿಗಳು ಮನೆಗೆ ಬಂದು ಹೋಗುತ್ತಿದ್ದರು. ಅವರಲ್ಲಿ ಎಳೆಯ ವಯಸ್ಸಿಗೇ ತೀರಿಕೊಂಡ ಹುಡುಗರ ಬಗ್ಗೆ ಹರ್ನ್ ಬರೆದ ಪುಟಗಳನ್ನು ಓದಿದರೆ ಮನಸ್ಸು ಭಾರವಾಗುತ್ತದೆ. ಇದೆಲ್ಲ ದೇವಸ್ಥಾನದ ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆಯುವವರಿಗೆ ದಕ್ಕುವಂಥದಲ್ಲ.

ಸೆತ್ಸು ಬಡತನಕ್ಕೆ ಬಿದ್ದಿದ್ದ ಸಮುರಾಯ್ ಮನೆತನದವರು. ಮನೆಗೆಲಸಕ್ಕೆಂದು ಬಂದು ಹರ್ನ್ ಅವರ ಬಾಳಸಂಗಾತಿಯಾದರು. ಆಕೆಗೆ ಇಂಗ್ಲಿಷ್ ಬಾರದು, ಇವರಿಗೆ ಜಪಾನಿ ನೆಟ್ಟಗೆ ಬಾರದು. ಇಬ್ಬರೂ ಸೇರಿ ವ್ಯಾಕರಣದ ಗೊಡವೆಯಿಲ್ಲದ ಒಂದು ಮನೆಮಾತನ್ನೇ ಮಾಡಿಕೊಂಡರು. ಹಳೆಯ ಕಥೆಗಳನ್ನು ಪುಸ್ತಕ ನೋಡಿ ಓದಬೇಡ, ನಿನ್ನದೇ ಮಾತಿನಲ್ಲಿ ಹೇಳು ಎಂದು ಹರ್ನ್ ಪಟ್ಟು ಹಿಡಿಯುತ್ತಿದ್ದರಂತೆ. ಜಗತ್ತಿಗೆ ಹರ್ನ್ ಹೆಸರಿನಲ್ಲಿ ಗೊತ್ತಿರುವ ಎಷ್ಟೋ ಕಥೆಗಳು ಹೀಗೆ ಸೆತ್ಸು ಅವರ ಬಾಯಿಂದ ಬಂದವು. ಆ ಹೆಣ್ಣುಮಗಳಿಗೆ ಸಲ್ಲಬೇಕಾದ ಮಾನ ಸಲ್ಲಲು ಇಷ್ಟು ಕಾಲ ಹಿಡಿಯಿತು.

ಮೆಚ್ಚುಗೆಗೂ ಮಿತಿಯಿತ್ತು. ತಿಂಗಳುಗಟ್ಟಲೆ ಜಪಾನಿ ಊಟವನ್ನೇ ಮಾಡಿ ಆರೋಗ್ಯ ಕೆಟ್ಟು, ಮತ್ತೆ ಪಾಶ್ಚಾತ್ಯ ಊಟಕ್ಕೆ ಮರಳಬೇಕಾಯಿತೆಂದು ಹರ್ನ್ ನಾಚಿಕೆಯಿಂದಲೇ ಬರೆದುಕೊಂಡಿದ್ದಾರೆ. ಸಸ್ಯಾಹಾರಿಯಾದ ನನಗೆ ಆ ಪುಟ ಬಹಳ ಇಷ್ಟ. ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಬಿಳಿ ಟೋಪಿ, ಬಿಳಿ ಏಪ್ರನ್ ತೊಟ್ಟ ಮಕ್ಕಳೇ ಪಾತ್ರೆಗಳನ್ನು ತರಗತಿಗೆ ಹೊತ್ತು ತಂದು, ಎಲ್ಲರಿಗೂ ಅಳತೆ ತಪ್ಪದಂತೆ ಬಡಿಸಿ, ಒಟ್ಟಿಗೆ ಕೈಮುಗಿದು ಊಟಕ್ಕೆ ಕೂರುತ್ತಾರೆ. ಶಿಂಜಿ ಸರೋವರದ ಶಿಜಿಮಿ ಎಂಬ ಸಣ್ಣ ಕಪ್ಪೆಚಿಪ್ಪು ಹಾಕಿದ ಮಿಸೊ ಸಾರು ಇಲ್ಲಿನ ಹೆಮ್ಮೆ. ಅವರ ನಡುವೆ ನಾನು ಚಿತ್ರಾನ್ನದ ಡಬ್ಬಿ ಬಿಚ್ಚುತ್ತೇನೆ. ಮೊದಮೊದಲು ಕತ್ತು ಉದ್ದ ಮಾಡಿ ನೋಡುತ್ತಿದ್ದವರು ಈಗ, ಇವತ್ತು ಕಡಲೆಕಾಯಿ ಕಡಿಮೆ ಹಾಕಿದ್ದೀರಿ ಎಂದು ಹೇಳುವಷ್ಟು ಪಳಗಿದ್ದಾರೆ. ಊಟ ಮುಗಿದ ಮೇಲೆ ಮಕ್ಕಳು ಪೊರಕೆ, ಒರೆಸುವ ಬಟ್ಟೆ ಹಿಡಿದು ತರಗತಿ, ಮೊಗಸಾಲೆ, ಮೆಟ್ಟಿಲುಗಳನ್ನು ಶುಚಿ ಮಾಡುತ್ತಾರೆ. ಈ ದೃಶ್ಯವನ್ನು ತೋರಿಸಿ ಜಪಾನೀಯರ ಶಿಸ್ತನ್ನು ಹೊಗಳುವ ವಿಡಿಯೊಗಳಿಗೆ ಲೆಕ್ಕವಿಲ್ಲ. ಆ ಶಿಸ್ತು ಇರುವುದು ನಿಜ. ಆದರೆ ಚಿಂದಿ ಬಟ್ಟೆಯ ಮೇಲೆ ಕಾಲಿಟ್ಟು ಜಾರುವ ಆಟವಾಡುತ್ತಾ, ಶಿಕ್ಷಕರು ಬಂದೊಡನೆ ನೆಲ ಉಜ್ಜುವಂತೆ ನಟಿಸುವ ಹುಡುಗರೂ ಅಲ್ಲೇ ಇದ್ದಾರೆ, ಅವರೂ ಜಪಾನೀಯರೇ.

ವಿದೇಶಿ ಮೇಷ್ಟ್ರ ಅಂತಸ್ತು ಮಾತ್ರ ಇಂದು ಪೂರ್ತಿ ಬದಲಾಗಿದೆ. ಶಾಲೆಗಳಲ್ಲಿ ಭಾಷೆ ಕಲಿಸಲು ನೆರವಾಗಲೆಂದು ವಿದೇಶಿಯರನ್ನು ಕರೆಸಿಕೊಳ್ಳಲು 1987ರಲ್ಲಿ ಸರ್ಕಾರ ಆರಂಭಿಸಿದ ಜೆಟ್ ಕಾರ್ಯಕ್ರಮದಲ್ಲಿ ಬಂದವರಿಗೆ ಒಂದೊಂದು ವರ್ಷದ ಕರಾರು. ಅದನ್ನು ಹೆಚ್ಚೆಂದರೆ ಐದು ವರ್ಷದವರೆಗೆ ಬೆಳೆಸಬಹುದು. ನನ್ನಂತೆ ಏಜೆನ್ಸಿ ಮೂಲಕ ಬಂದವರ ಪಾಡು ಇನ್ನೂ ಅಭದ್ರ: ಬೇಸಿಗೆ ರಜೆಯ ತಿಂಗಳಲ್ಲಿ ನನ್ನ ಸಂಬಳಕ್ಕೆ ಕತ್ತರಿ ಬೀಳುತ್ತದೆ. ನಾವು ಸಹಾಯಕ ಶಿಕ್ಷಕರು. ತರಗತಿಯ ಹೊಣೆ ಜಪಾನಿ ಶಿಕ್ಷಕರದೇ. 2020ರಿಂದ ಪ್ರಾಥಮಿಕ ಶಾಲೆಯ ಐದು ಮತ್ತು ಆರನೆಯ ತರಗತಿಗಳಿಗೂ ಇಂಗ್ಲಿಷ್ ಒಂದು ವಿಷಯವಾಗಿ ಬಂದ ಮೇಲೆ ನಮ್ಮ ಕೆಲಸ ಹೆಚ್ಚಿದೆ, ಅಂತಸ್ತು ಹೆಚ್ಚಿಲ್ಲ.

ಹರ್ನ್ ಅವರಿಗೂ ಈ ಬಿಸಿ ತಟ್ಟದೆ ಇರಲಿಲ್ಲ. ಮಾತ್ಸುಯೆಯ ಚಳಿ ತಾಳಲಾರದೆ, ಇಮ್ಮಡಿ ಸಂಬಳವೂ ಸಿಕ್ಕಿದ್ದರಿಂದ, 1891ರ ನವೆಂಬರ್‌ನಲ್ಲಿ ದಕ್ಷಿಣದ ಕುಮಾಮೊತೊ ನಗರದ ಶಾಲೆಗೆ ಹೋದರು. ಸೈನ್ಯದ ನೆಲೆಯಾಗಿದ್ದ ಆ ಊರು, ಅಲ್ಲಿನ ಬಿಗುಮಾನದ ದೊಡ್ಡ ಹುಡುಗರು ಅವರಿಗೆ ಹಿಡಿಸಲಿಲ್ಲ. ಅವರ ಮೆಚ್ಚುಗೆಯಲ್ಲಿ ಬಿರುಕು ಕಾಣಿಸಿಕೊಂಡದ್ದೂ ಅಲ್ಲಿಯೇ, ಜಪಾನಿನ ಬಗ್ಗೆ ಅವರು ಹೆಚ್ಚು ನಿಷ್ಠುರವಾಗಿ ಯೋಚಿಸಲು ಕಲಿತದ್ದೂ ಅಲ್ಲಿಯೇ. 1896ರಲ್ಲಿ ಕೊಯಿಜುಮಿ ಯಾಕುಮೊ ಎಂಬ ಹೆಸರಿನಿಂದ ಜಪಾನಿನ ಪ್ರಜೆಯಾಗಿ, ಅದೇ ವರ್ಷ ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾದರು. 1903ರಲ್ಲಿ ವಿಶ್ವವಿದ್ಯಾಲಯ ಅವರನ್ನು ಬಿಡಿಸಿತು. ಆ ಜಾಗಕ್ಕೆ ಬಂದವರಲ್ಲಿ ಲಂಡನ್ನಿನಲ್ಲಿ ಓದಿ ಮರಳಿದ್ದ, ಮುಂದೆ ಜಪಾನಿನ ಹೆಸರಾಂತ ಕಾದಂಬರಿಕಾರರಾದ ನಾತ್ಸುಮೆ ಸೊಸೆಕಿ ಒಬ್ಬರು. ವಿದ್ಯಾರ್ಥಿಗಳು ತಮ್ಮ ಮೇಷ್ಟ್ರಿಗಾಗಿ ಪ್ರತಿಭಟಿಸಿದರು, ಪ್ರಯೋಜನವಾಗಲಿಲ್ಲ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಹರ್ನ್ ಹೃದಯಾಘಾತದಿಂದ ತೀರಿಕೊಂಡರು.

ಅವರನ್ನು ಬಿಡಿಸಿದ ರೀತಿ ಒರಟಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ವಿದೇಶಿ ಮೇಷ್ಟ್ರನ್ನು ಕರೆಸಿಕೊಂಡದ್ದೇ, ಒಂದು ದಿನ ಅವರ ಅಗತ್ಯವಿಲ್ಲದಂತಾಗಲಿ ಎಂದಲ್ಲವೇ? ಸೊಸೆಕಿಯಂಥವರು ಸಿದ್ಧರಾದ ಮೇಲೆ ಆ ಪೀಠ ಅವರಿಗೆ ಸೇರಬೇಕಾದ್ದೇ ಎಂಬುದು ನನ್ನ ಅಭಿಪ್ರಾಯ.

ಮನೆಯಿಂದ ಹೊರಗೆ ಬಂದಿದ್ದೇವೆ. ಈ ವರ್ಷ ನಾನೂ ಹರ್ನ್ ಅವರ ಪದ್ಧತಿಯನ್ನೇ ಹಿಡಿದು, ಜೊತೆಯ ಶಿಕ್ಷಕಿಯ ಒಪ್ಪಿಗೆ ಪಡೆದು, ಒಂಬತ್ತನೆಯ ತರಗತಿಯ ಮಕ್ಕಳಿಗೆ ತಮ್ಮ ಊರಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆಯಲು ಹೇಳಿದೆ. ಕೋಟೆಯ ಬಗ್ಗೆ ಬರೆದವರು ಕೆಲವೇ ಮಂದಿ. ಜಪಾನಿನಲ್ಲಿ ಅತಿ ಕಡಿಮೆ ಜನರಿರುವ ಪ್ರಾಂತ್ಯಗಳಲ್ಲಿ ತೊತ್ತೊರಿಯ ನಂತರದ ಸ್ಥಾನ ಶಿಮಾನೆಯದು, ಮಕ್ಕಳ ಬರಹದಲ್ಲೂ ಅದೇ ಕಾಣಿಸಿತು: ನಿಂತುಹೋದ ಬಸ್ಸು, ಒಬ್ಬಳೇ ಗದ್ದೆ ನೋಡಿಕೊಳ್ಳುವ ಅಜ್ಜಿ, ಆಟಗಾರರು ಸಾಲದೆ ಪಕ್ಕದ ಶಾಲೆಯೊಡನೆ ಕೂಡಿಕೊಂಡ ಬೇಸ್‌ಬಾಲ್ ತಂಡ. ಒಬ್ಬ ಹುಡುಗಿ, ಪ್ರವಾಸಿಗಳು ನಮ್ಮ ಊರು ಶಾಂತವಾಗಿದೆ ಎಂದು ಹೊಗಳುತ್ತಾರೆ, ನನಗೆ ಇಲ್ಲಿ ಸ್ವಲ್ಪ ಗಲಾಟೆ ಬೇಕು ಎಂದು ಬರೆದಿದ್ದಳು. ಅವಳ ಕ್ರಿಯಾಪದವೊಂದನ್ನು ತಿದ್ದಿ ಹಾಳೆಯನ್ನು ಹಿಂದಿರುಗಿಸಿದ್ದೇನೆ. ಮಕ್ಕಳು ಒಪ್ಪಿದರೆ, ಮುಂದಿನ ವಿಡಿಯೊದಲ್ಲಿ ಆ ಪ್ರಬಂಧಗಳನ್ನು ಅವರ ದನಿಯಲ್ಲೇ ಕೇಳಿಸುತ್ತೇನೆ.