ಬೆಳ್ಳಿ ಮೆಡಲ್‌ಗಿಂತ ಕಂಚಿನ ಮೆಡಲ್ ದುಬಾರಿ! ಅಟ್ಟದ ಮೇಲಿರೋ ಹಳೇ ಸಾಮಾನು ಹರಾಜಿಗೆ ಹೋದ್ರೆ ಏನಾಗತ್ತೆ?

(ಸ್ಕ್ರೀನ್ ಮೇಲೆ: ಟೀ ಪಾಟ್, ಮೆಡಲ್, ಪುಸ್ತಕದ ಫೋಟೋ)

ನಮಸ್ಕಾರ ಎಲ್ರಿಗೂ. ಈ ಫೋಟೋ ನೋಡಿ. ತೀರ್ಥಹಳ್ಳಿ ಕಡೆಯ ವೀಕ್ಷಕರೊಬ್ಬರು ಕಳಿಸಿದ್ದು, ಹಳೇ ಮನೆ ಕೆಡವೋಕೆ ಮುಂಚೆ ಅಟ್ಟ ಖಾಲಿ ಮಾಡ್ವಾಗ ಸಿಕ್ತಂತೆ. ಒಂದು ಬೆಳ್ಳಿ ಟೀ ಪಾಟ್, ರಿಬ್ಬನ್ ಕಿತ್ತೋಗಿರೋ ಮೆಡಲ್, ಬೆನ್ನು ಹರಿದಿರೋ ದಪ್ಪ ಇಂಗ್ಲಿಷ್ ಪುಸ್ತಕ. ಕೇಳಿರೋದು ಒಂದೇ ಮಾತು, "ಸರ್, ಬೆಳ್ಳಿ ಅಂಗಡಿಯವ್ರು ತೂಕಕ್ಕೆ ತಗೋತೀವಿ ಅಂತಿದಾರೆ, ಕೊಟ್ಬಿಡ್ಲಾ?"

ಮಾರಾಯ್ರೆ, ಕೊಡ್ಬೇಡಿ. ಈ ವಿಡಿಯೋ ಮುಗಿಯೋ ತನಕನಾದ್ರೂ ತಡ್ಕೊಳ್ಳಿ.

ಹರಾಜು ಅಂದ್ರೇನು ಅಂತ ಶಿವಮೊಗ್ಗದವ್ರಿಗೆ ಹೇಳ್ಕೊಡೋಷ್ಟು ಧೈರ್ಯ ನಂಗಿಲ್ಲ. ಲಾಟು, ಅಂದ್ರೆ ಒಂದು ಸಲಕ್ಕೆ ಹರಾಜಿಗಿಡೋ ಸಾಮಾನು, ಆ ಪದ ನಮ್ಮ ಮನೆ ಮಕ್ಕಳಿಗೂ ಗೊತ್ತು. ಅಡಿಕೆ ಮಂಡೀಲಿ ಸರಕು ಅನ್ನೋ ಮೇಲ್ದರ್ಜೆಯದ್ದು ಒಂದು ಮೂಟೆ, ಗೊರಬಲು ಅನ್ನೋ ಕೆಳದರ್ಜೆಯದ್ದು ಒಂದು ಮೂಟೆ ಪಕ್ಕಪಕ್ಕ ಇಡಿ, ತೂಕ ಎರಡೂ ಒಂದೇ, ಎರಡೂ ಅಡಿಕೆನೇ, ಹೊರಗಿನವ್ನು ಬಂದು ನೋಡಿದ್ರೆ ಎರಡೂ ಕೆಂಪು-ಕಪ್ಪು ಚೂರು ಅಷ್ಟೇ. ಆದ್ರೆ ರೇಟು? ಒಂದರ ಮುಂದೆ ಇನ್ನೊಂದು ನಿಲ್ಲೋದೇ ಇಲ್ಲ. ಕೈಲಿ ಹಿಡಿದು, ಕತ್ತರಿಸಿ, ಒಳಗಿನ ಬಣ್ಣ ನೋಡೋನಿಗೆ ಮಾತ್ರ ಯಾಕೆ ಅಂತ ಗೊತ್ತಿರತ್ತೆ. ಹಳೇ ಬೆಳ್ಳಿ, ಮೆಡಲ್, ಪುಸ್ತಕದ ಹರಾಜೂ ಅಷ್ಟೇ, ತಕ್ಕಡಿ ಇಟ್ಕೊಂಡು ಹೋದವ್ನು ಮೋಸ ಹೋಗ್ತಾನೆ. ಒಂದೇ ಒಂದು ವ್ಯತ್ಯಾಸ ಇದೆ, ನಮ್ಮ ಅಡಿಕೆ ಟೆಂಡರಲ್ಲಿ ರೇಟು ಚೀಟೀಲಿ ಬರೆದು ಹಾಕೋದು, ಪಕ್ಕದವ್ನು ಏನು ಬರೆದ ಅಂತ ಕಾಣಲ್ಲ, ಬರೆದು ಹಾಕಿ ಚಾ ಕುಡಿಯೋಕೆ ಹೋಗಬಹುದು. ಇಲ್ಲಿ ಎದುರಾಳಿ ಕಣ್ಣ ಮುಂದೇನೇ ಕೈ ಎತ್ತತಾ ಇರ್ತಾನೆ, ಇಬ್ರು ಜಿದ್ದಿಗೆ ಬಿದ್ರು ಅಂದ್ರೆ ವಸ್ತುವಿನ ಬೆಲೆ ಪಕ್ಕಕ್ಕೆ ಹೋಗಿ ಮಾನ ಮರ್ಯಾದೆ ಬೆಲೆ ಶುರುವಾಗತ್ತೆ.

ಉಳಿದ ಬೇಸಿಕ್ಸ್ ಓಡಿಸ್ಬಿಡ್ತೀನಿ. ಕ್ಯಾಟಲಾಗಲ್ಲಿ ಅಂದಾಜು ಬೆಲೆ ಹಾಕಿರ್ತಾರೆ, ಅದು ಗ್ಯಾರಂಟಿ ಅಲ್ಲ. ರಿಸರ್ವ್ ಪ್ರೈಸ್ ಅಂದ್ರೆ ಅದಕ್ಕಿಂತ ಕಮ್ಮಿಗೆ ಮಾರಲ್ಲ ಅಂತ ಮಾಲೀಕ ಗುಟ್ಟಾಗಿ ಹೇಳಿರೋ ಗೆರೆ. ಸುತ್ತಿಗೆ ಬಿದ್ದಾಗ ಕೂಗಿದ ರೇಟು ಹ್ಯಾಮರ್ ಪ್ರೈಸ್, ಆದ್ರೆ ಕೊಳ್ಳೋನು ಕೊಡೋದು ಅದಲ್ಲ, ಮೇಲೆ ಬೈಯರ್ಸ್ ಪ್ರೀಮಿಯಂ ಅಂತ ಹರಾಜು ಕಂಪನಿ ಕಮಿಷನ್ ಸೇರತ್ತೆ. ಪ್ರೀಮಿಯಂ 20 ಪರ್ಸೆಂಟ್ ಅಂತ ಇಟ್ಕೊಳ್ಳಿ, 1 ಲಕ್ಷಕ್ಕೆ ಗೆದ್ದೆ ಅಂತ ಕುಣಿಯೋ ಹೊತ್ತಿಗೆ ಬಿಲ್ಲು 1,20,000, ಅದರ ಮೇಲೆ ತೆರಿಗೆ, ಪ್ಯಾಕಿಂಗ್, ಕೊರಿಯರ್. ಮಾರೋನ ಕಡೆಯಿಂದಾನೂ ಕಮಿಷನ್ ಹಿಡೀತಾರೆ. ಸುತ್ತಿಗೆ ಹಿಡಿದವ್ನು ಯಾವತ್ತೂ ಸೋಲಲ್ಲ.

(ಸ್ಕ್ರೀನ್ ಮೇಲೆ: ಮೆಡಲ್ ಕ್ಲೋಸಪ್)

ಈಗ ಮೆಡಲ್‌ಗೆ ಬರೋಣ, ಟೈಟಲ್ ನೋಡಿ ಬಂದವ್ರು ಕಾಯ್ತಿದೀರಿ.

ಫೋಟೋದಲ್ಲಿ ಇರೋದು ಬ್ರಿಟಿಷ್ ವಾರ್ ಮೆಡಲ್. ಒಂದು ಕಡೆ ಐದನೇ ಜಾರ್ಜ್ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಬಟ್ಟೆ ಇಲ್ಲದ ಗಂಡಸು, ಪಕ್ಕದಲ್ಲಿ 1914 ಮತ್ತು 1918. ಮೊದಲ ಮಹಾಯುದ್ಧದ್ದು. ಬೆಳ್ಳಿ, ಹತ್ತಿರ ಹತ್ತಿರ ಒಂದು ಔನ್ಸು. ಇಂಥವು ಸುಮಾರು 65 ಲಕ್ಷ ಹಂಚಿದ್ರು, ಅಂದ್ರೆ ಅಪರೂಪ ಏನಲ್ಲ. ಇದೇ ಮೆಡಲ್‌ನ ಕಂಚಿನ ರೂಪ ಒಂದಿದೆ. ಗುಂಡಿ ತೋಡಿದವ್ರು, ಮೂಟೆ ಹೊತ್ತವ್ರು, ರೋಡು ಹಾಕಿದವ್ರು, ಅಂದ್ರೆ ಭಾರತ, ಚೀನಾ, ಮಾಲ್ಟಾದ ಲೇಬರ್ ಕೋರ್ ಜನರಿಗೆ ಕೊಟ್ಟಿದ್ದು ಅದು. ಬೆಳ್ಳಿ ಯಾಕೆ ದಂಡ ಅಂತ ಅನ್ಸಿರಬೇಕು ಸರ್ಕಾರಕ್ಕೆ. ಅದು ಸುಮಾರು 1 ಲಕ್ಷ 10 ಸಾವಿರ ಮಾತ್ರ. ಇವತ್ತು ಹರಾಜಲ್ಲಿ ಎರಡನ್ನೂ ಇಟ್ರೆ ಸಾಮಾನ್ಯವಾಗಿ ಕೂಲಿಯವ್ನ ಕಂಚೇ ಸಿಪಾಯಿ ಬೆಳ್ಳಿಗಿಂತ ಮೇಲೆ ಹೋಗತ್ತೆ. ನಂಗಂತೂ ಇದು ಭಾರಿ ಖುಷಿ ಕೊಡೋ ವಿಷ್ಯ, ನೂರು ವರ್ಷ ಲೇಟಾದ್ರೂ.

ಆದ್ರೆ ನಿಜವಾದ ದುಡ್ಡು ಮುಖದ ಮೇಲಿಲ್ಲ. ಮೆಡಲ್ ನಿಲ್ಲಿಸಿ, ದಪ್ಪ ಅಂಚು ನೋಡಿ. ಅಲ್ಲಿ ಚಿಕ್ಕ ಅಕ್ಷರದಲ್ಲಿ ನಂಬರ್, ರ‍್ಯಾಂಕು, ಹೆಸರು, ಪಡೆ, ಎಲ್ಲ ಒತ್ತಿರ್ತಾರೆ. ಯಾರ ಎದೆ ಮೇಲಿತ್ತು ಅಂತ ಹೇಳೋದು ಆ ಒಂದು ಗೆರೆ. ಈಗ ಯೋಚನೆ ಮಾಡಿ, ಆ ಅಂಚಲ್ಲಿ ಮೈಸೂರು ಲ್ಯಾನ್ಸರ್ಸ್ ಅಂತ ಇದ್ರೆ? 1918ರ ಸೆಪ್ಟೆಂಬರ್ 23, ಈಗಿನ ಇಸ್ರೇಲಿನ ಹೈಫಾ ಊರು, ಎದುರಿಗೆ ಮೆಷಿನ್ ಗನ್ನು ಫಿರಂಗಿ, ಈ ಕಡೆಯಿಂದ ಜೋಧಪುರ ಮತ್ತು ಮೈಸೂರಿನ ಸವಾರರು ಈಟಿ ಹಿಡ್ಕೊಂಡು ಕುದುರೆ ಓಡಿಸಿ ಊರು ಗೆದ್ರು. ದೆಹಲಿಯ ತೀನ್ ಮೂರ್ತಿ ಸ್ಮಾರಕ ಅಂತೀವಲ್ಲ, ಆ ಮೂರು ಮೂರ್ತಿ ಜೋಧಪುರ, ಹೈದರಾಬಾದು, ಮೈಸೂರು ಪಡೆಯವ್ರದ್ದು. ಶಿವಮೊಗ್ಗ ಆಗ ಮೈಸೂರು ಸೀಮೆಯೇ ಅಲ್ವಾ, ಆ ಪಡೇಲಿದ್ದ ಯಾರೋ ಒಬ್ಬನ ಮೆಡಲ್ ನಮ್ಮ ಕಡೆ ಅಟ್ಟದಲ್ಲಿ ಇರಬಾರದು ಅಂತ ಏನಿಲ್ಲ. ಅಂಥದ್ದನ್ನ ತೂಕಕ್ಕೆ ಕೊಟ್ರೆ ಹೆಸರೂ ಕುಲುಮೇಲಿ ಕರಗತ್ತೆ, ಅಷ್ಟೇ.

ಇದು ಹೆದರಿಸೋಕೆ ಹೇಳ್ತಿರೋದಲ್ಲ, ನಿಜವಾಗ್ಲೂ ಆಗಿದೆ. 1980ರ ಜನವರೀಲಿ ಅಮೆರಿಕದ ಹಂಟ್ ಸೋದರರು ಬೆಳ್ಳಿ ಗುಡ್ಡೆ ಹಾಕೋಕೆ ಹೋಗಿ ರೇಟು ಔನ್ಸಿಗೆ 50 ಡಾಲರ್ ಹತ್ರ ಹತ್ತಿಸಿದ್ರು. ಆವಾಗ ಇದೇ ಮೆಡಲ್‌ಗಳನ್ನ ಜನ ರಾಶಿಗಟ್ಲೆ ಕರಗಿಸಿಬಿಟ್ರು. ಅದೇ ಸಿಪಾಯಿಯ ಇನ್ನೊಂದು ಮೆಡಲ್, ವಿಕ್ಟರಿ ಮೆಡಲ್, ಕಂಚಿಂದು, ಅದು ಮಾತ್ರ ಉಳ್ಕೊಂಡಿದೆ. ಅದಕ್ಕೇ ಎಷ್ಟೋ ಕಡೆ ಜೋಡಿ ಒಡೆದೋಗಿರೋದು, ಜೋಡಿ ಕೂಡಿಸೋದೇ ಕೆಲವು ಸಂಗ್ರಹಕಾರರ ಹುಚ್ಚು.

ಮೋಸಾನೂ ಅಂಚಲ್ಲೇ ನಡೆಯತ್ತೆ. ಸಾಮಾನ್ಯ ಹೆಸರನ್ನ ಅರದಲ್ಲಿ ಉಜ್ಜಿ ತೆಗೆದು ದೊಡ್ಡ ಪಡೆ ಹೆಸರು ಕೊರೀತಾರೆ. ಕಂಡುಹಿಡಿಯೋದು ಹೇಗೆ? ಈ ಮೆಡಲ್ ಅಡ್ಡ ಅಳತೆ 36 ಮಿಲಿಮೀಟರ್. ಉಜ್ಜಿದ್ರೆ ಕಮ್ಮಿ ಆಗ್ಲೇಬೇಕು, ವರ್ನಿಯರ್ ಅನ್ನೋ ಸೂಕ್ಷ್ಮ ಅಳತೆ ಸಾಧನ ಇಟ್ಟು ಎರಡು ಮೂರು ಕಡೆ ಅಳೆದ್ರೆ ಬಣ್ಣ ಬಯಲು.

(ಸ್ಕ್ರೀನ್ ಮೇಲೆ: ಸಿಂಹ-ಹುಲಿ ಚಿತ್ರ. ಇದನ್ನ ಸ್ವಲ್ಪ ಹೊತ್ತು ಬಿಡಿ)

ಈಗ ನನ್ನ ಫೇವರಿಟ್. ಟೈಮ್ ಇಲ್ಲ ಅಂತ ಎಡಿಟರ್ ಕಣ್ಣು ಬಿಡ್ತಿದಾನೆ, ಆದ್ರೂ ಹೇಳ್ತೀನಿ.

ಶ್ರೀರಂಗಪಟ್ಟಣ ಮೆಡಲ್. 1799ರ ಮೇ 4, ಟಿಪ್ಪು ಬಿದ್ದ ದಿನ. ಈಸ್ಟ್ ಇಂಡಿಯಾ ಕಂಪನಿ ಇದಕ್ಕೊಂದು ಮೆಡಲ್ ಮಾಡಿಸ್ತು. ಚಿತ್ರ ಏನು ಗೊತ್ತಾ, ಒಂದು ಸಿಂಹ ಒಂದು ಹುಲಿಯನ್ನ ಕೆಡವಿ ಮೇಲೆ ನಿಂತಿದೆ. ಸಿಂಹ ಬ್ರಿಟನ್, ಹುಲಿ ಯಾರು ಅಂತ ಹೇಳ್ಬೇಕಾ. ನಮ್ಮ ನಗರ, ಅಂದ್ರೆ ಬಿದನೂರು, 1763ರಲ್ಲಿ ಹೈದರ್ ಕೈಗೆ ಹೋದ್ಮೇಲೆ ಈ ಮಲೆನಾಡಿಗೂ ಅದೇ ಹುಲಿ ದರ್ಬಾರು ಇತ್ತಲ್ಲ, ಹಾಗಾಗಿ ಇದು ನಮ್ಮ ಕಥೆಯೂ ಹೌದು. ತಮಾಷೆ ಏನಂದ್ರೆ, ಸಿಂಹದ ಮೇಲಿರೋ ಬಾವುಟದಲ್ಲಿ ಅರಬ್ಬೀಲಿ "ಅಸದ್ ಅಲ್ಲಾ ಅಲ್ ಗಾಲಿಬ್" ಅಂತ ಬರೆದಿದಾರೆ, ದೇವರ ಸಿಂಹವೇ ಗೆಲ್ಲೋದು ಅಂತ. ಇದೇ ಸಾಲನ್ನ ಟಿಪ್ಪು ತನ್ನ ಕತ್ತಿ ಕೋವಿ ಮೇಲೆ ಹುಲಿ ಮುಖದ ಆಕಾರದಲ್ಲಿ ಬರೆಸ್ತಿದ್ದ! ಸೋತವ್ನ ಘೋಷಣೆ ಕಿತ್ಕೊಂಡು ಅವನ ಹುಲಿ ತಲೆ ಮೇಲೇ ಹಾಕಿರೋದು. ಇಷ್ಟು ವ್ಯಂಗ್ಯ ಇರೋ ಸರ್ಕಾರಿ ಮೆಡಲ್ ಇನ್ನೊಂದು ನಾನು ಕಂಡಿಲ್ಲ.

ಮತ್ತೆ ಇದರಲ್ಲಿ ಅಂಚಿನ ಮೇಲೆ ಹೆಸರೇ ಇರಲ್ಲ. ದರ್ಜೆ ಹೇಳೋದು ಲೋಹ. ದೊಡ್ಡ ಜನರಲ್‌ಗಳಿಗೆ ಚಿನ್ನ, ಅವರ ಕೆಳಗಿನವ್ರಿಗೆ ಚಿನ್ನದ ನೀರು ಕೊಟ್ಟ ಬೆಳ್ಳಿ, ಆಮೇಲೆ ಬರೀ ಬೆಳ್ಳಿ, ಹವಾಲ್ದಾರ್ ಮಟ್ಟಕ್ಕೆ ಕಂಚು, ಸಾಮಾನ್ಯ ಸಿಪಾಯಿಗೆ ತವರ. ತವರ ಮೆತ್ತಗಿನ ಲೋಹ, ನೇತು ಹಾಕೋಕೆ ಬಳೆಯೂ ಕೊಟ್ಟಿರಲಿಲ್ಲ, ತೂತು ಮಾಡಿ ಹಾಕ್ಕೊಂಡ್ರು, ಗೀಚಿತು, ಬಾಗ್ತು. ಹಾಗಾಗಿ ಚಿನ್ನ ಚಿನ್ನವಾಗೇ ಉಳೀತು, ಚೆಂದ ಇರೋ ತವರ ಹುಡುಕಬೇಕಾಗಿದೆ.

ಇದನ್ನ ಟಂಕಿಸಿದ್ದು ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೌಲ್ಟನ್, ಹಬೆ ಯಂತ್ರದಲ್ಲಿ ನಾಣ್ಯ ಹೊಡೆದ ಆಸಾಮಿ, ಜೇಮ್ಸ್ ವಾಟ್‌ನ ಪಾಲುದಾರ. ಇವನನ್ನ ನೆನಪಿಟ್ಕೊಳ್ಳಿ, ಯಾಕಂದ್ರೆ ನಮ್ಮ ಟೀ ಪಾಟ್ ತಳದಲ್ಲೂ ಇವನದ್ದೇ ಕೈವಾಡ ಇದೆ.

(ಸ್ಕ್ರೀನ್ ಮೇಲೆ: ಟೀ ಪಾಟ್ ತಳ)

ತಿರುಗಿಸಿ ನೋಡಿ. ಚಿಕ್ಕ ಚಿಕ್ಕ ಮುದ್ರೆ ಸಾಲಾಗಿ, ಇಂಗ್ಲೆಂಡಲ್ಲಿ ಬೆಳ್ಳಿ ಪರೀಕ್ಷೆ ಮಾಡಿ ಒತ್ತಿದ್ದು. ನಡೀತಿರೋ ಸಿಂಹ ಇದ್ರೆ ಸ್ಟರ್ಲಿಂಗ್, 92.5 ಪರ್ಸೆಂಟ್ ಬೆಳ್ಳಿ. ಚಿರತೆ ತಲೆ ಲಂಡನ್. ಲಂಗರು ಇದ್ರೆ ಬರ್ಮಿಂಗ್‌ಹ್ಯಾಮ್, ಸಮುದ್ರನೇ ಇಲ್ಲದ ಊರಿಗೆ ಲಂಗರು! ಮೊದಲು ಆ ಊರವ್ರು ಮುದ್ರೆ ಹಾಕಿಸೋಕೆ ಸಾಮಾನು ಹೊತ್ಕೊಂಡು ದೂರದ ಊರಿಗೆ ಹೋಗ್ಬೇಕಿತ್ತು, ಇದೇ ಬೌಲ್ಟನ್ ಪಾರ್ಲಿಮೆಂಟ್ ತನಕ ಹೋಗಿ ಜಗಳ ಆಡಿ 1773ರಲ್ಲಿ ಅಲ್ಲೇ ಪರೀಕ್ಷಾ ಕಚೇರಿ ತರಿಸಿದ. ಒಂದು ಅಕ್ಷರ ಯಾವ ವರ್ಷ ಅಂತ ಹೇಳತ್ತೆ. ರಾಜನದ್ದೋ ರಾಣಿದೋ ತಲೆ ಇದ್ರೆ ಅದು ಸಾಮಾನ್ಯವಾಗಿ 1784ರಿಂದ 1890ರ ನಡುವೆ ತೆರಿಗೆ ಕಟ್ಟಿದ ಗುರುತು.

ತೆರಿಗೆ ಅಂದ್ಮೇಲೆ ಕಳ್ಳಾಟ ಇರ್ಲೇಬೇಕಲ್ಲ. 1720ರಿಂದ 1758ರ ತನಕ ಔನ್ಸಿಗೆ ಆರು ಪೆನ್ಸ್ ತೆರಿಗೆ ಇತ್ತು. ಕೆಲವು ಅಕ್ಕಸಾಲಿಗಳು ಒಂದು ಪುಟಾಣಿ ಸಾಮಾನಿಗೆ ಮುದ್ರೆ ಹಾಕಿಸಿ, ಆ ತುಂಡು ಕತ್ತರಿಸಿ, ದೊಡ್ಡ ಜಗ್ಗಿನ ತಳಕ್ಕೆ ಬೆಸುಗೆ ಹಾಕ್ತಿದ್ರು. ಇದನ್ನ ಹಿಡಿಯೋಕೆ ಮೆಷಿನ್ ಬೇಡ. ಮುದ್ರೆ ಮೇಲೆ ಬಾಯಿಂದ ಹಾ ಅಂತ ಉಸಿರು ಬಿಡಿ, ಮಂಜು ಕೂತಾಗ ಬೆಸುಗೆ ಗೆರೆ ಇದ್ರೆ ಕಾಣತ್ತೆ. ಹರಾಜು ಪ್ರದರ್ಶನದಲ್ಲಿ ದೊಡ್ಡ ಮನುಷ್ಯರು ಟೀ ಪಾಟ್‌ಗೆ ಹಾ ಹಾ ಅಂತ ಊದ್ತಾ ಇದ್ರೆ ನಗ್ಬೇಡಿ.

ಇ.ಪಿ.ಎನ್.ಎಸ್. ಅಂತ ನಾಲ್ಕು ಇಂಗ್ಲಿಷ್ ಅಕ್ಷರ ಇದ್ರೆ ಬೆಳ್ಳಿ ಬರೀ ಮೇಲಿನ ಪದರ, ಒಳಗೆ ತಾಮ್ರ, ಸತು, ನಿಕಲ್. ಮನೇಲಿರೋ ಜರ್ಮನ್ ಸಿಲ್ವರ್ ಕುಂಕುಮ ಭರಣೀಲಂತೂ ಬೆಳ್ಳಿ ಹೆಸರಿಗಷ್ಟೇ. ನಮ್ಮ ದೇಶದಲ್ಲಿ ಆಗ ಮಾಡಿದ ಬೆಳ್ಳಿಗೆ ಇಂಗ್ಲೆಂಡಿನ ಥರ ಮುದ್ರೆ ಕಡ್ಡಾಯ ಇರಲಿಲ್ಲ, ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಥರದವ್ರು ತಮ್ಮ ಹೆಸರು ಮಾತ್ರ ಒತ್ತತಿದ್ರು, ಸುತ್ತ ದೇವರ ಚಿತ್ರ ಕೆತ್ತಿರೋ ಅವರ ಸಾಮಾನಿಗೆ ಈಗ ಒಳ್ಳೇ ಬೇಡಿಕೆ. ಅದಕ್ಕೆ ಸಿಂಹ ಕಾಣ್ಲಿಲ್ಲ ಅಂತ ಬಿಸಾಕ್ಬೇಡಿ.

ಈಗ ಅಮ್ಮಂದಿರಲ್ಲಿ ಕೈಮುಗಿದು ಕೇಳೋದು. ಹರಾಜಿಗೆ ಕೊಡೋ ಮುಂಚೆ ವಿಭೂತಿ ಹಾಕಿ ತಿಕ್ಕಬೇಡಿ! ನಮ್ಮ ಮಲೆನಾಡಿನ ಥಂಡಿಗೆ ಬೆಳ್ಳಿ ಕಪ್ಪಾಗೋದು ಸಹಜ, ಆ ಕಪ್ಪು ಅಂದ್ರೆ ಮೇಲಿನ ಬೆಳ್ಳಿಯೇ ಗಂಧಕದ ಜೊತೆ ಸೇರಿರೋದು. ತಿಕ್ಕಿದಾಗೆಲ್ಲ ಒಂದು ಪದರ ಬೆಳ್ಳಿ ಹೋಗತ್ತೆ, ಜೊತೆಗೆ ಮುದ್ರೆಯೂ ಸವೆಯತ್ತೆ. ಮೆಡಲ್‌ಗೂ ಇದೇ ಮಾತು. ಫಳಫಳ ಹೊಳೆಯೋ ಹಳೇ ಮೆಡಲ್ ನೋಡಿದ್ರೆ ಸಂಗ್ರಹಕಾರರು ಮುಖ ಸಿಂಡರಿಸ್ತಾರೆ.

(ಸ್ಕ್ರೀನ್ ಮೇಲೆ: ಪುಸ್ತಕ)

ಪುಸ್ತಕ. ಇದಕ್ಕೇ ಬೇರೆ ವಿಡಿಯೋ ಬೇಕು, ಈಗ ಒಂದೇ ಉಸಿರಲ್ಲಿ. ನಮ್ಮ ಕಡೆಯವ್ರು ಕಣ್ಣಿಡಬೇಕಾದ ಹೆಸರುಗಳು: ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರೆದ ಪ್ರವಾಸ ಕಥನ, 1807, ಲಂಡನ್, ಮೂರು ಸಂಪುಟ. ಕಿಟೆಲ್ ನಿಘಂಟು, 1894, ಮಂಗಳೂರು ಬಾಸೆಲ್ ಮಿಷನ್ ಪ್ರೆಸ್. ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕಾ, ಅದರಲ್ಲಿ 7 ಮತ್ತು 8ನೇ ಸಂಪುಟ ಪೂರ್ತಿ ಶಿವಮೊಗ್ಗ ಜಿಲ್ಲೆ ಶಾಸನಗಳು. ಇವುಕ್ಕೆ ಮರುಮುದ್ರಣನೂ ಇದೆ, ಹಾಗಾಗಿ ಮೊದಲ ಪುಟ ತೆಗೆದು ಇಸವಿ, ಪ್ರೆಸ್ ಹೆಸರು ನೋಡಿ. ಸಂಪುಟ ಎಲ್ಲ ಇದೆಯಾ, ನಕ್ಷೆ ಚಿತ್ರಪಟ ಯಾರೂ ಕಿತ್ಕೊಂಡಿಲ್ವಾ ಅಂತ ಎಣಿಸಿ, ಒಂದು ನಕ್ಷೆ ಹೋದ್ರೂ ರೇಟು ಧಡಕ್ ಅಂತ ಬೀಳತ್ತೆ. ಹರಿದ ಬೆನ್ನಿಗೆ ಸೆಲೋಟೇಪ್ ಹಚ್ಚೋದು ಪಾಪ. ಹೊಸ ಬೈಂಡಿಂಗ್ ಮಾಡಿಸಿ ಹೊಳೆಯೋ ರೆಕ್ಸಿನ್ ಹಾಕ್ಸೋದು ಅದಕ್ಕಿಂತ ದೊಡ್ಡ ಪಾಪ.

ಒಂದು ವಿಚಿತ್ರ ಮಾತ್ರ ಹೇಳ್ಬಿಡ್ತೀನಿ. 1807ರ ಪುಸ್ತಕದ ಹಾಳೆ 1920ರ ಪುಸ್ತಕದ ಹಾಳೆಗಿಂತ ಬೆಳ್ಳಗೆ, ಗಟ್ಟಿ ಇರಬಹುದು! ಹಳೇ ಕಾಗದ ಹತ್ತಿ, ನಾರುಬಟ್ಟೆ ಚಿಂದಿಯಿಂದ ಮಾಡಿದ್ದು. ಆಮೇಲೆ ಮರದ ತಿರುಳಿನ ಅಗ್ಗದ ಕಾಗದ ಬಂತು, ಅದರಲ್ಲಿರೋ ಆಮ್ಲ ಅದನ್ನೇ ತಿಂದು ಹಳದಿ ಮಾಡಿ ಪುಡಿಪುಡಿ ಮಾಡತ್ತೆ. ಬೂಷ್ಟು ಮಾತ್ರ ಎರಡಕ್ಕೂ ಶತ್ರು, ಮಳೆಗಾಲದಲ್ಲಿ ಗೋಡೆಗೆ ಒತ್ತಿ ಇಡ್ಬೇಡಿ, ಬೂಷ್ಟು ಬಂತು ಅಂತ ಅಂಗಳದಲ್ಲಿ ಅಡಿಕೆ ಜೊತೆ ಬಿಸಿಲಿಗೂ ಹರಡ್ಬೇಡಿ.

ಕೊನೆಗೆ ಕಾನೂನು, ಇದನ್ನ ಸ್ಕಿಪ್ ಮಾಡ್ಬೇಡಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ಚಾರಿತ್ರಿಕ ವಸ್ತು 100 ವರ್ಷ ದಾಟಿದ್ರೆ, ಹಸ್ತಪ್ರತಿ ಥರದ್ದು 75 ವರ್ಷ ದಾಟಿದ್ರೆ ಖಾಸಗಿಯವ್ರು ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ. ಲೆಕ್ಕ ಹಾಕಿ, ಮೊದಲ ಯುದ್ಧದ ಮೆಡಲ್‌ಗಳು ಈಗ ಆ ಗೆರೆ ದಾಟ್ತಿವೆ. ಲಂಡನ್‌ನಲ್ಲಿ ರೇಟು ಜಾಸ್ತಿ ಅಂತ ಕೊರಿಯರ್ ಮಾಡಿದ್ರೆ ಕೇಸು. ಮಾರೋದಿದ್ರೆ ಇಲ್ಲೇ, ಲೈಸೆನ್ಸ್ ಇರೋರ ಹತ್ರ. ಟೀ ಪಾಟ್ ಹಿಡೀಲಿ ಬಿಳಿ ತುಂಡು ಇದ್ರೆ ಅದು ದಂತ ಇರಬಹುದು, ದಂತದ ವ್ಯಾಪಾರ ನಮ್ಮಲ್ಲಿ ನಿಷೇಧ. ಅಟ್ಟದಲ್ಲಿ ತಾಳೆಗರಿ ಕಟ್ಟು ಸಿಕ್ರೆ ಹರಾಜಿನ ಯೋಚನೆ ಬಿಟ್ಟು ಕೆಳದಿ ಮ್ಯೂಸಿಯಂನವ್ರಿಗೆ ಒಮ್ಮೆ ತೋರಿಸಿ, ಅವರ ಹತ್ರ ಅಂಥ ಕಟ್ಟುಗಳ ಸಂಗ್ರಹವೇ ಇದೆ.

ನಿಮ್ಮನೇಲೂ ಏನಾದ್ರೂ ಇದ್ರೆ ಫೋಟೋ ಕಳಿಸಿ, ಮೆಡಲ್ ಆದ್ರೆ ಅಂಚು, ಬೆಳ್ಳಿ ಆದ್ರೆ ತಳ, ಪುಸ್ತಕ ಆದ್ರೆ ಮೊದಲ ಪುಟ. ಬೆಳಗಿನ ಬೆಳಕಲ್ಲಿ ತೆಗೀರಿ, ಫ್ಲ್ಯಾಶ್ ಬೇಡ. ಮತ್ತೆ ದಯವಿಟ್ಟು ಎಲ್ರಿಗೂ ಕಾಣೋ ಕಡೆ ಊರು ಮನೆ ಹೆಸರು ಬರೀಬೇಡಿ, ಈ ಚಾನೆಲ್ ನೋಡೋರೆಲ್ಲ ಸಂಗ್ರಹಕಾರರೇ ಅಂತ ಏನಿಲ್ಲ.