ದೇವರ ಮೇಲೆ ಭಾರ ಹಾಕುವ ಮುಂಚೆ

ನಮಸ್ಕಾರ. "ಎಲ್ಲಾ ಅವನಿಚ್ಛೆ" ಅನ್ನುವ ಮಾತನ್ನು ಜನ ಎರಡು ಹೊತ್ತಿನಲ್ಲಿ ಆಡುತ್ತಾರೆ. ಎಲ್ಲಾ ಮುಗಿದು, ಆಗಬಾರದ್ದು ಆಗಿಹೋದ ಮೇಲೆ ಒಮ್ಮೆ. ಇನ್ನೂ ಏನೂ ತೀರ್ಮಾನವೇ ಆಗದಿರುವಾಗ ಇನ್ನೊಮ್ಮೆ. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ಆ ಮಾತನ್ನು ಹಿಡಿದುಕೊಂಡೇ ಎಷ್ಟೋ ಜನ ದುಃಖ ದಾಟಿದ್ದಾರೆ. ಎರಡನೆಯದು ಮಾತ್ರ ಬಹಳ ಸಲ ಭಕ್ತಿಯ ವೇಷ ಹಾಕಿಕೊಂಡ ಸೋಮಾರಿತನ. ನಾನು ಮಾತಾಡಬೇಕು ಅಂದುಕೊಂಡಿರುವುದು ಅದರ ಬಗ್ಗೆಯೇ.

ಇದು ಹೊಸ ರೋಗವೇನಲ್ಲ. ಹಳೆಯ ಗ್ರೀಕರು ಇದಕ್ಕೆ "ಸೋಮಾರಿ ವಾದ" ಅಂತಲೇ ಹೆಸರಿಟ್ಟಿದ್ದರು. ಕಾಯಿಲೆ ವಾಸಿಯಾಗಬೇಕು ಅಂತ ಹಣೆಯಲ್ಲಿ ಬರೆದಿದ್ದರೆ ವೈದ್ಯರು ಬಂದರೂ ವಾಸಿ, ಬರದಿದ್ದರೂ ವಾಸಿ. ಸಾಯಬೇಕು ಅಂತ ಬರೆದಿದ್ದರೆ ಯಾರು ಬಂದರೂ ಸಾವೇ. ಹಾಗಿದ್ದಮೇಲೆ ವೈದ್ಯರನ್ನು ಯಾಕೆ ಕರೆಸಬೇಕು? ಇದಕ್ಕೆ ಉತ್ತರ ಕೊಟ್ಟವನು ಕ್ರಿ.ಪೂ. 3ನೇ ಶತಮಾನದ ಗ್ರೀಕ್ ತತ್ವಜ್ಞಾನಿ ಕ್ರಿಸಿಪ್ಪಸ್. ಅವನು ನಾಸ್ತಿಕನಲ್ಲ, ವಿಧಿಯನ್ನು ನೂರಕ್ಕೆ ನೂರು ನಂಬಿದ್ದವನು. ಅವನು ಹೇಳಿದ್ದಿಷ್ಟು: ವಾಸಿಯಾಗುವುದು ವಿಧಿಯಾಗಿದ್ದರೆ ವೈದ್ಯರನ್ನು ಕರೆಸುವುದೂ ಅದೇ ವಿಧಿಯ ಭಾಗ. ಒಂದನ್ನು ಬಿಟ್ಟು ಇನ್ನೊಂದು ಬರುವುದಿಲ್ಲ.

ಭಗವದ್ಗೀತೆಯ 18ನೇ ಅಧ್ಯಾಯದ 14ನೇ ಶ್ಲೋಕ ಒಂದು ಕೆಲಸ ಆಗುವುದಕ್ಕೆ ಐದು ಕಾರಣ ಹೇಳುತ್ತದೆ: ಅಧಿಷ್ಠಾನ (ಕೆಲಸಕ್ಕೆ ನೆಲೆಯಾದ ದೇಹ), ಕರ್ತೃ (ಮಾಡುವವನು), ಕರಣಗಳು (ಇಂದ್ರಿಯಗಳಂಥ ಸಾಧನಗಳು), ಚೇಷ್ಟೆಗಳು (ಪ್ರಯತ್ನಗಳು), ಕೊನೆಗೆ ದೈವ. ಐದರಲ್ಲಿ ದೈವ ಒಂದು, ಅದೂ ಪಟ್ಟಿಯ ತುದಿಯಲ್ಲಿ. ಪ್ರವಾದಿ ಮುಹಮ್ಮದರ ಮಾತುಗಳನ್ನು ಕೂಡಿಟ್ಟ ತಿರ್ಮಿದಿ ಹದೀಸ್ ಸಂಗ್ರಹದಲ್ಲಿ, ಒಂಟೆಯನ್ನು ಕಟ್ಟಿ ದೇವರನ್ನು ನಂಬಲೋ, ಬಿಟ್ಟು ನಂಬಲೋ ಅಂತ ಕೇಳಿದವನಿಗೆ ಸಿಕ್ಕ ಉತ್ತರ: ಮೊದಲು ಕಟ್ಟು, ಆಮೇಲೆ ನಂಬು. ಅಂದರೆ "ನಾನೇನೂ ಮಾಡಲ್ಲ, ಅವನೇ ನೋಡಿಕೊಳ್ತಾನೆ" ಅನ್ನುವವರು ತಮ್ಮ ಶಾಸ್ತ್ರವನ್ನೇ ಅರ್ಧ ಓದಿದ್ದಾರೆ.

ಇನ್ನು, ದೇವರಿಗೆ ಮೊದಲೇ ಎಲ್ಲಾ ಗೊತ್ತಿದ್ದರೆ ನನ್ನ ಆಯ್ಕೆ ನನ್ನದು ಹೇಗಾಗುತ್ತದೆ ಅನ್ನುವ ಪ್ರಶ್ನೆ. 6ನೇ ಶತಮಾನದ ಮೊದಲ ಭಾಗದಲ್ಲಿ, ಮರಣದಂಡನೆ ಕಾಯುತ್ತಾ ಸೆರೆಯಲ್ಲಿದ್ದ ರೋಮನ್ ತತ್ವಜ್ಞಾನಿ ಬೋಥಿಯಸ್ ಕೊಟ್ಟ ಉತ್ತರ ನನಗೆ ಸಾಕು: ದೇವರು ನೋಡುತ್ತಾನೆ ಅನ್ನುವ ಕಾರಣಕ್ಕೆ ಆ ಕೆಲಸ ನಡೆಯುವುದಿಲ್ಲ. ವಿಜ್ಞಾನದ ಕಡೆಯಿಂದ 1983ರ ಬೆಂಜಮಿನ್ ಲಿಬೆಟ್ ಪ್ರಯೋಗ ಎತ್ತುವವರೂ ಇದ್ದಾರೆ. ಮನಸ್ಸಿಗೆ ಇಚ್ಛೆ ಹೊಳೆಯುವುದಕ್ಕೂ ಸುಮಾರು ಮೂರನೇ ಒಂದು ಸೆಕೆಂಡ್ ಮುಂಚೆಯೇ ಮಿದುಳು ಸಜ್ಜಾಗಿರುತ್ತದೆ ಅನ್ನುವುದು ಅದರ ಸಾರ. ಆದರೆ ಅಲ್ಲಿ ಅಳೆದದ್ದು ಬೆರಳು, ಮಣಿಕಟ್ಟು ಆಡಿಸುವುದನ್ನು. ಮದುವೆಗೆ ಒಪ್ಪುವುದು, ಮನೆ ಅಡ ಇಡುವುದು ತಿಂಗಳುಗಟ್ಟಲೆ ನಡೆಯುವ ಯೋಚನೆ. ಬೆರಳಿನ ಪ್ರಯೋಗವನ್ನು ಇಂಥ ತೀರ್ಮಾನಗಳಿಗೆ ಅಳತೆಗೋಲು ಮಾಡಬೇಡಿ.

ಸ್ವಲ್ಪ ನಿಧಾನಿಸಬೇಕಾದ್ದು ಪಾಸ್ಕಲ್ ಹತ್ತಿರ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಗಟ್ಟಿ ಗಣಿತಜ್ಞ. 1654ರಲ್ಲಿ ಇನ್ನೊಬ್ಬ ಗಣಿತಜ್ಞ ಫರ್ಮಾ ಜೊತೆ ಪತ್ರ ಬರೆದುಕೊಂಡು, ಅರ್ಧಕ್ಕೆ ನಿಂತ ಜೂಜಿನ ಪಣವನ್ನು ಹೇಗೆ ಹಂಚಬೇಕು ಅಂತ ಲೆಕ್ಕ ಹಾಕಿದವನು. ಸಂಭವನೀಯತೆಯ ಗಣಿತಕ್ಕೆ ಬುನಾದಿ ಅದು. ಅವನು ಸತ್ತ ಮೇಲೆ, 1670ರಲ್ಲಿ ಅಚ್ಚಾದ ಟಿಪ್ಪಣಿಗಳಲ್ಲಿ ಅದೇ ಲೆಕ್ಕವನ್ನು ದೇವರಿಗೂ ಹಾಕಿದ್ದಾನೆ. ದೇವರಿದ್ದು ನೀವು ನಂಬಿದರೆ ಲಾಭ ಅನಂತ. ಇಲ್ಲದಿದ್ದರೆ ನಷ್ಟ ಅಷ್ಟಿಷ್ಟು. ಸಂಭವ ಎಷ್ಟೇ ಚಿಕ್ಕದಿರಲಿ, ಅನಂತದಿಂದ ಗುಣಿಸಿದರೆ ಅನಂತವೇ. ಆದ್ದರಿಂದ ನಂಬಿ.

ಕೇಳುವುದಕ್ಕೆ ಚೆನ್ನಾಗಿದೆ, ಆದರೆ ಮುರಿಯುತ್ತದೆ. ಒಬ್ಬ ಇಮಾಮ್ ಕೂಡ ಇದೇ ಮಾತು ಹೇಳಬಹುದಲ್ಲ ಅಂತ 18ನೇ ಶತಮಾನದ ಫ್ರೆಂಚ್ ಚಿಂತಕ ದಿದೆರೊ ಆಗಲೇ ಕೆಣಕಿದ್ದ. ಯಾವ ಧರ್ಮದವರು ಬೇಕಾದರೂ ಅನಂತ ಲಾಭದ ಭರವಸೆ ಕೊಡಬಹುದು, ಲೆಕ್ಕ ಎಲ್ಲರಿಗೂ ಒಂದೇ ಉತ್ತರ ಕೊಡುತ್ತದೆ. ಇನ್ನೊಂದು ಬಿರುಕು ಇದಕ್ಕಿಂತ ಆಳದ್ದು. ನಾಣ್ಯ ಚಿಮ್ಮಿ, ತಲೆ ಬಿದ್ದರೆ ಮಾತ್ರ ನಂಬುತ್ತೇನೆ ಅನ್ನಿ. ಅರ್ಧ ಗುಣಿಸು ಅನಂತ, ಅದೂ ಅನಂತ. ಪೂರ್ತಿ ನಂಬಿದವನಿಗೂ ನಾಣ್ಯ ಚಿಮ್ಮಿದವನಿಗೂ ವ್ಯತ್ಯಾಸ ಹೇಳಲಾರದ ಲೆಕ್ಕದಿಂದ ಜೀವನದ ತೀರ್ಮಾನ ಆಗುವುದಿಲ್ಲ.

ಆದರೆ ಒಂದು ವಿಷಯದಲ್ಲಿ ಪಾಸ್ಕಲ್ ಬಹಳ ಜಾಣ. ನಂಬು ಅಂದ ತಕ್ಷಣ ನಂಬಿಕೆ ಬರುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ, ನಂಬಿದವರು ಮಾಡುವ ಕೆಲಸದಿಂದ ಶುರು ಮಾಡು, ತೀರ್ಥ ತೆಗೆದುಕೋ, ಪೂಜೆ ಮಾಡಿಸು ಅಂದ. ನಮ್ಮ ಸ್ವಾತಂತ್ರ್ಯ ನಿಜವಾಗಿ ಇರುವುದು ಅಲ್ಲೇ: ಏನನ್ನು ನಂಬಬೇಕು ಅನ್ನುವುದರಲ್ಲಿ ಕಡಿಮೆ, ನಾಳೆ ಬೆಳಗ್ಗೆ ಎದ್ದು ಏನು ಮಾಡಬೇಕು ಅನ್ನುವುದರಲ್ಲಿ ಹೆಚ್ಚು. 1896ರಲ್ಲಿ ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ನಂಬಿಕೆಗೊಂದು ಗಡಿ ಹಾಕಿದ. ಪುರಾವೆಯಿಂದ ಬಗೆಹರಿಯದ, ತಪ್ಪಿಸಿಕೊಳ್ಳಲೂ ಆಗದ, ಬದುಕಿಗೆ ದೊಡ್ಡದಾದ ಪ್ರಶ್ನೆ ಎದುರಾದರೆ ಮಾತ್ರ ನಂಬಿಕೆಗೆ ಮನಸ್ಸನ್ನು ಬಿಟ್ಟುಕೊಡಬಹುದು. ಸ್ಕ್ಯಾನಿಂಗ್ ವರದಿ, ಸಾಲದ ಬಡ್ಡಿ, ಕರಾರಿನ ಷರತ್ತು ಇವು ಯಾವುವೂ ಆ ಗಡಿಯೊಳಗೆ ಬರುವುದಿಲ್ಲ. ಓದಿದರೆ ತಿಳಿಯುವುದನ್ನು ದೇವರ ಹತ್ತಿರ ಕೇಳುವುದು ಯಾಕೆ?

ಅಪಾಯದ ಲೆಕ್ಕಕ್ಕೆ ಬನ್ನಿ. "ಇಷ್ಟು ದಿನ ಏನೂ ಆಗಿಲ್ಲ, ಅವನು ಕಾಪಾಡ್ತಾನೆ" ಅನ್ನುವ ಮಾತಿನ ಅಡಿಯಲ್ಲಿ ಏನಿದೆ ನೋಡಿ. ಒಂದು ಸಲಕ್ಕೆ ಶೇ. 1ರಷ್ಟು ಅಪಾಯ ಇರುವ ಕೆಲಸವನ್ನು ಒಮ್ಮೆ ಮಾಡಿದರೆ ಬಚಾವಾಗುವ ಸಂಭವ ಶೇ. 99. ಅದನ್ನೇ 100 ಸಲ ಮಾಡಿದರೆ ಅದು ಸುಮಾರು ಶೇ. 37ಕ್ಕೆ ಇಳಿಯುತ್ತದೆ. ಬಚಾವಾದವರು ಬಂದು ಸಾಕ್ಷಿ ಹೇಳುತ್ತಾರೆ, ಉಳಿದವರ ಮಾತು ಕೇಳಿಸುವುದೇ ಇಲ್ಲ. ಹಡಗು ಮುಳುಗಿದಾಗ ಹರಕೆ ಹೊತ್ತು ಬದುಕಿ ಬಂದವರ ಚಿತ್ರಗಳನ್ನು ತೋರಿಸಿದಾಗ ಗ್ರೀಕ್ ನಾಸ್ತಿಕ ಡಯಾಗೊರಾಸ್ ಹೇಳಿದ್ದನ್ನು ರೋಮನ್ ಲೇಖಕ ಸಿಸೆರೊ ಬರೆದಿಟ್ಟಿದ್ದಾನೆ: ಮುಳುಗಿ ಸತ್ತವರ ಚಿತ್ರ ಎಲ್ಲೂ ಇಲ್ಲವಲ್ಲ.

ಹಾಗಂತ ಅಪಾಯವೇ ಬೇಡ ಅಂತಲ್ಲ. ನೋಡಬೇಕಾದ್ದು, ತಪ್ಪಿದರೆ ವಾಪಸ್ ಬರಲು ದಾರಿ ಇದೆಯಾ ಅಂತ. ಈ ವಿಷಯದಲ್ಲಿ ಧರ್ಮಸಂಸ್ಥೆಗಳು ಭಕ್ತರಿಗಿಂತ ಹುಷಾರು. ಕ್ಯಾಥೊಲಿಕ್ ಸಂನ್ಯಾಸಿ ಸಂಘ ಸೇರುವವರಿಗೆ ಮೊದಲು ಕನಿಷ್ಠ 12 ತಿಂಗಳ ತರಬೇತಿ, ಆಮೇಲೆ ಕನಿಷ್ಠ 3 ವರ್ಷದ ತಾತ್ಕಾಲಿಕ ವ್ರತ, ಅದಾದ ಮೇಲಷ್ಟೇ ಆಜೀವ ವ್ರತ. ಬೌದ್ಧ ವಿನಯದಲ್ಲಿ, ಅಂದರೆ ಸಂಘದ ನಿಯಮಗಳಲ್ಲಿ, 20 ವರ್ಷ ತುಂಬದವರಿಗೆ ಭಿಕ್ಷು ದೀಕ್ಷೆ ಇಲ್ಲ. ದೇವರಿಗೇ ಬದುಕು ಕೊಡಲು ಬಂದವರಿಗೂ ಇಷ್ಟು ಮೆಟ್ಟಿಲು ಇಟ್ಟಿರುವಾಗ, ಇದ್ದಬದ್ದ ದುಡ್ಡನ್ನೆಲ್ಲ ಒಂದೇ ವ್ಯವಹಾರಕ್ಕೆ ಸುರಿದು "ಅವನಿದ್ದಾನೆ" ಅಂದರೆ ಹೇಗೆ?

ಆದ್ದರಿಂದ ಪ್ರಾರ್ಥನೆಗೆ ಕೂರುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ತೀರಾ ಕೆಟ್ಟದ್ದು ಅಂದರೆ ಏನಾಗಬಹುದು, ಆದರೆ ಚೇತರಿಸಿಕೊಳ್ಳಲು ಎಷ್ಟು ವರ್ಷ ಬೇಕು, ಯಾವ ತಾರೀಕಿನೊಳಗೆ ಯಾವ ಸುದ್ದಿ ಬಂದರೆ ಕೈಬಿಡುತ್ತೀರಿ ಅಂತ ಬರೆಯಿರಿ. ಈ ಮೂರನೆಯದನ್ನೇ ಜನ ಬಿಡುವುದು. ಅದಿಲ್ಲದಿದ್ದರೆ ಕೆಟ್ಟ ಸುದ್ದಿ ಬಂದಾಗಲೆಲ್ಲ ಅದು "ದೇವರ ಪರೀಕ್ಷೆ" ಆಗಿಬಿಡುತ್ತದೆ. ದೇವರ ಮುಂದೆ ಚೀಟಿ ಎತ್ತುವುದಿದ್ದರೆ, ಎರಡೂ ದಾರಿ ನಿಮಗೆ ಒಪ್ಪಿಗೆ ಇರುವಾಗ ಮಾತ್ರ ಎತ್ತಿ, ಒಂದೇ ಸಲ ಎತ್ತಿ. ಬೇಕಾದ್ದು ಬರುವ ತನಕ ಎತ್ತಿದರೆ ಮೂರನೇ ಸಲದ ಹೊತ್ತಿಗೆ ಅದು ಬಂದಿರುವ ಸಂಭವ ಶೇ. 87.5. ಅಲ್ಲಿ ಉತ್ತರ ಕೊಟ್ಟವರು ನೀವೇ.

ಕೊನೆಯದಾಗಿ, ತಪ್ಪಿದರೆ ಪೆಟ್ಟು ಯಾರಿಗೆ ಅನ್ನುವುದು. ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕರು ನಂಬಿಕೆಗಾಗಿ ತಮ್ಮ ಮೇಲೆ ಅಪಾಯ ಎಳೆದುಕೊಂಡರೆ ತಡೆಯುವ ಹಕ್ಕು ನನಗಿಲ್ಲ. ಮಕ್ಕಳ ವಿಷಯ ಬೇರೆ. 1944ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಮಗುವನ್ನು ಧಾರ್ಮಿಕ ಪತ್ರಿಕೆ ಹಂಚಲು ಬೀದಿಗೆ ಕರೆದೊಯ್ದ ಪ್ರಕರಣದಲ್ಲಿ ಹೇಳಿದ್ದರ ತಾತ್ಪರ್ಯ: ತಂದೆತಾಯಿ ತಾವು ಬೇಕಾದರೆ ಹುತಾತ್ಮರಾಗಲಿ, ತಾವೇ ಆಯ್ಕೆ ಮಾಡುವ ವಯಸ್ಸಿಗೆ ಬರುವ ಮೊದಲು ಮಕ್ಕಳನ್ನು ಹುತಾತ್ಮರನ್ನಾಗಿ ಮಾಡುವಂತಿಲ್ಲ. ಸಾಲಕ್ಕೆ ಜಾಮೀನು ನಿಂತ ಸಂಗಾತಿಗೆ ಬಾಯಿದೆ, ಮಗುವಿಗೆ ಅದೂ ಇಲ್ಲ. ಆ ಹಾಳೆಯಲ್ಲಿ ಅವರ ಹೆಸರು ಬಂದಿದ್ದರೆ, ಸಹಿ ಹಾಕುವ ಮುಂಚೆ ಹಾಳೆಯನ್ನು ಅವರ ಕೈಗೆ ಕೊಡಿ. ಓದಲು ಬಾರದಷ್ಟು ಚಿಕ್ಕವರಾಗಿದ್ದರೆ, ಆ ಕೆಲಸ ಮಾಡಬೇಡಿ.